ಉಪ್ಪುನೀರಿಗಿಳಿಯುವ ದೋಣಿ ಟ್ರೈಲರ್: ತುಕ್ಕಿನ ಮೂಲ ಹುಡುಕುವುದು, ಲೋಹ ಆರಿಸುವುದು

ಟ್ರೈಲರ್ ತುಕ್ಕು ಹಿಡಿದರೆ ಮೊದಲು ಬೈಸಿಕೊಳ್ಳುವುದು ಕಬ್ಬಿಣ. ‘ಅಲ್ಯೂಮಿನಿಯಂ ಮಾಡಿಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ’ ಎನ್ನುವವರೇ ಹೆಚ್ಚು. ಆದರೆ ಕೆಟ್ಟ ಟ್ರೈಲರ್ ಬಿಚ್ಚಿ ನೋಡಿದರೆ ಚಾಸಿಯ ಮೈ ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ. ಹೋಗಿರುವುದು ಬಾಕ್ಸ್ ಪೈಪಿನ ಒಳಮೈ, ಬೋಲ್ಟಿನ ಸುತ್ತಲಿನ ಅರ್ಧ ಇಂಚು, ಸ್ಪ್ರಿಂಗ್ ಪಟ್ಟಿಗಳ ನಡುವಿನ ಸಂದು, ಗಾಲಿಯ ನಡುವಿನ ಹಬ್ಬಿನ ಒಳಗಿನ ಬೇರಿಂಗು. ಮೂಲ ಗೊತ್ತಾಗದೆ ಲೋಹ ಬದಲಿಸಿದರೆ ಹೊಸ ಲೋಹವೂ ಅದೇ ಜಾಗದಲ್ಲಿ ಕೈಕೊಡುತ್ತದೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಮಲ್ಪೆ, ಕಾಪು, ಮುರುಡೇಶ್ವರ, ಕಾರವಾರದ ಕಡೆ ಕಾಣುವ 16ರಿಂದ 20 ಅಡಿಯ ಫೈಬರ್ ದೋಣಿ: ಪ್ರವಾಸಿಗರದ್ದೋ ಡೈವಿಂಗಿನದ್ದೋ ರಕ್ಷಣಾ ತಂಡದ್ದೋ ಇರಬಹುದು. ಔಟ್‌ಬೋರ್ಡ್ ಎಂಜಿನ್ ಸೇರಿ 800ರಿಂದ 1,500 ಕೆ.ಜಿ. ತೂಕ. ಟ್ರೈಲರ್ ಹೊಯ್ಗೆಯ ಮೇಲೆಯೋ ರ‍್ಯಾಂಪಿನಲ್ಲಿಯೋ ಹಿಮ್ಮುಖವಾಗಿ ಇಳಿದು, ಹಬ್ ಮುಳುಗುವಷ್ಟು ನೀರಿಗೆ ಹೋಗಿ ಬರುತ್ತದೆ.

ಒಣಗಿದಂತೆ ಕಂಡರೂ ಒಣಗಿರುವುದಿಲ್ಲ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿದರೂ ಉಪ್ಪು ಲೋಹದ ಮೇಲೆ ಉಳಿಯುತ್ತದೆ. ಗಾಳಿಯ ತೇವಾಂಶ 75% ದಾಟಿತೆಂದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ 33% ತೇವಾಂಶವೇ ಸಾಕು. ನಮ್ಮ ಕರಾವಳಿಯ ಗಾಳಿ ವರ್ಷದ ಬಹುಪಾಲು ರಾತ್ರಿ ಅಷ್ಟು ಒದ್ದೆಯಾಗಿರುತ್ತದೆ. ಹಾಗಾಗಿ ತೊಳೆಯದೆ ಶೆಡ್ಡಿನಲ್ಲಿ ನಿಲ್ಲಿಸಿದ ಟ್ರೈಲರ್ ಹತ್ತು ನಿಮಿಷ ಮಾತ್ರ ನೀರಿನಲ್ಲಿದ್ದು ಬಂದಿದ್ದರೂ ಉಳಿದ ಇಪ್ಪತ್ತಮೂರು ಗಂಟೆ ತೆಳುವಾದ ಉಪ್ಪುನೀರಿನ ಪದರದಡಿಯೇ ಇರುತ್ತದೆ. ಆ ತೆಳು ಪದರಕ್ಕೆ ಆಮ್ಲಜನಕ ಸಲೀಸಾಗಿ ಸಿಗುವುದರಿಂದ ಉಕ್ಕು ಪೂರ್ತಿ ಮುಳುಗಿದ್ದಾಗಿನದಕ್ಕಿಂತ ಬೇಗ ತಿನ್ನಲ್ಪಡುತ್ತದೆ.

ತೊಳೆಯುವ ನೀರನ್ನೂ ಅನುಮಾನಿಸಬೇಕು. ಕಡಲಂಚಿನ ಬಾವಿಗಳು ಏಪ್ರಿಲ್–ಮೇ ಹೊತ್ತಿಗೆ ಉಪ್ಪಾಗುವುದುಂಟು. ಕುಡಿಯುವ ನೀರು ನೋಡುವ ಟಿಡಿಎಸ್ ಮೀಟರ್ ಅದ್ದಿ ನೋಡಿ. 500ರ ಒಳಗಿದ್ದರೆ ಒಳ್ಳೆಯದು. ಸಾವಿರಗಳಲ್ಲಿ ತೋರಿಸಿದರೆ ಆ ನೀರಿನಿಂದ ತೊಳೆದು ಪ್ರಯೋಜನ ಕಡಿಮೆ, ಪಂಚಾಯತಿ ನಳ್ಳಿಯ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳುವುದು ಮೇಲು.

ಮೊದಲ ಕೆಲಸ: ಕೈಯಲ್ಲಿರುವುದು ಏನೆಂದು ತಿಳಿಯುವುದು

ದೋಣಿ ಇಳಿಸಿ, ಗಾಲಿಗೆ ಅಡ್ಡ ಕೊಟ್ಟು, ಸಿಹಿನೀರಿನಲ್ಲಿ ತೊಳೆದು ಒಂದು ದಿನ ಬಿಸಿಲಿಗೆ ಬಿಡಿ. ಒದ್ದೆ ಚಾಸಿಯ ಮೇಲೆ ಯಾವ ಪರೀಕ್ಷೆಯೂ ಸರಿಬರುವುದಿಲ್ಲ. ಬೇಕಾದ ಸಾಮಾನು: ಅಯಸ್ಕಾಂತ, 200–300 ಗ್ರಾಮಿನ ಸುತ್ತಿಗೆ, ಸೆಂಟರ್ ಪಂಚ್, ನೈಲಾನ್ ಬ್ರಶ್, ವರ್ನಿಯರ್, ಮಲ್ಟಿಮೀಟರ್, ಟಾರ್ಚು, ಸೀಮೆಸುಣ್ಣ. ಲೇಪದ ದಪ್ಪ ಅಳೆಯುವ ಡಿಎಫ್‌ಟಿ ಮೀಟರ್ ಪೇಂಟಿಂಗ್ ಗುತ್ತಿಗೆದಾರರಲ್ಲಿ ಬಾಡಿಗೆಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

‘ಜಿಐ’, ಅಂದರೆ ಸತು ಲೇಪಿಸಿದ ಕಬ್ಬಿಣ, ಎಂದು ಮಾರಿದ್ದೆಲ್ಲ ಒಂದೇ ಜಾತಿಯದಲ್ಲ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪೈಪಿಗೆ ಬೆಳ್ಳಿ ಬಣ್ಣ ಬಳಿದದ್ದು, ಸತುವಿನ ಸ್ಪ್ರೇ ಹೊಡೆದದ್ದು, ಮೊದಲೇ ಸತು ಹಚ್ಚಿದ ಪೈಪ್ ತಂದು ವೆಲ್ಡ್ ಮಾಡಿದ್ದು, ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಪೂರ್ತಿ ಅದ್ದಿದ್ದು (ಹಾಟ್ ಡಿಪ್): ಎಲ್ಲಕ್ಕೂ ಅದೇ ಹೆಸರು. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಬೆಳ್ಳಿ ಬಟ್ಟೆಗೆ ಅಂಟಿದರೆ ಅದು ಬರೀ ಬಣ್ಣ. ಮೈ ಎಲ್ಲ ಒಂದೇ ಸಮ ಹೊಳೆಯುತ್ತಿದ್ದು ವೆಲ್ಡಿನ ಮೇಲೆ ಮಾತ್ರ ಬೇರೆ ಬಣ್ಣ, ಅದರಂಚಿಗೆ ಕಂದು ಗೆರೆ ಇದ್ದರೆ ಸತು ಹಚ್ಚಿದ ಪೈಪನ್ನು ಆಮೇಲೆ ಬೆಸೆದದ್ದು. ನಿಜವಾದ ಹಾಟ್ ಡಿಪ್‌ನಲ್ಲಿ ವೆಲ್ಡಿನ ಮೇಲೂ ಸತು ಹರಿದಿರುತ್ತದೆ, ಕೆಳಮೂಲೆಗಳಲ್ಲಿ ತೊಟ್ಟಿಕ್ಕಿ ಗಟ್ಟಿಯಾದ ಗಂಟು ಸಿಗುತ್ತದೆ, ಪೈಪಿನ ತುದಿಯಲ್ಲಿ ಗಾಳಿ ಹೋಗಲು ಕೊರೆದ ತೂತುಗಳಿರುತ್ತವೆ. ಟಾರ್ಚು ಬಿಟ್ಟರೆ ಒಳಮೈಯೂ ಬೂದುಬಣ್ಣಕ್ಕೇ ಕಾಣಬೇಕು.

ಮೀಟರ್ ಇಟ್ಟರೆ ಅನುಮಾನವೇ ಉಳಿಯುವುದಿಲ್ಲ. ವಿದ್ಯುತ್ತಿನಿಂದ ಸತು ಹಚ್ಚಿದ ಎಲೆಕ್ಟ್ರೋಪ್ಲೇಟಿಂಗ್ 5–12 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ತೋರಿಸುತ್ತದೆ. ಮೊದಲೇ ಸತು ಹಚ್ಚಿದ ತಗಡು–ಪೈಪುಗಳಲ್ಲಿ ಒಂದು ಮಗ್ಗುಲಿಗೆ ಸುಮಾರು 8ರಿಂದ 20. ಹಾಟ್ ಡಿಪ್‌ನಲ್ಲಿ 3ರಿಂದ 6 ಮಿ.ಮೀ. ದಪ್ಪದ ಉಕ್ಕಿಗೆ ಸರಾಸರಿ 70, ಅದಕ್ಕಿಂತ ದಪ್ಪನೆಯದಕ್ಕೆ 85. ತೀರಪ್ರದೇಶದ ಕಠಿಣ ವಾತಾವರಣದಲ್ಲಿ ಸತು ವರ್ಷಕ್ಕೆ 4ರಿಂದ 8 ಮೈಕ್ರಾನ್ ಸವೆಯುತ್ತದೆ. ಉಪ್ಪುನೀರು ನೇರವಾಗಿ ಚಿಮ್ಮುವ ಅತಿ ಕಠಿಣ ದರ್ಜೆಯಲ್ಲಿ 8ರಿಂದ 25. ಈ ಲೆಕ್ಕದಲ್ಲಿ ತೊಳೆಯದ ಟ್ರೈಲರಿನ ಮೇಲೆ ಎಲೆಕ್ಟ್ರೋಪ್ಲೇಟಿಂಗ್ ಒಂದು ಹಂಗಾಮು ಬಾಳಿದರೆ ದೊಡ್ಡದು, 20 ಮೈಕ್ರಾನಿನದು ಒಂದರಿಂದ ಎರಡೂವರೆ ವರ್ಷ, 85ರದು ಮೂರೂವರೆಯಿಂದ ಹತ್ತು. ಸರಿಯಾಗಿ ತೊಳೆದರೆ ಕೊನೆಯದು ಹತ್ತರಿಂದ ಇಪ್ಪತ್ತಕ್ಕೆ ಹೋಗುತ್ತದೆ.

ಹೊರಗೆ ಚೆನ್ನಾಗಿದೆ, ತೂತಿನಿಂದ ಕೆಂಪು ನೀರು ಸುರಿಯುತ್ತದೆ

ಅತಿ ಅಪಾಯದ ಲಕ್ಷಣ ಇದೇ. ಬಾಕ್ಸ್ ಪೈಪಿನೊಳಕ್ಕೆ ನುಗ್ಗಿದ ಉಪ್ಪುನೀರು ಹೊರಬರುವ ದಾರಿಯಿಲ್ಲದೆ ತಳದಲ್ಲಿ ನಿಂತು ಒಳಗಿನಿಂದ ತಿನ್ನುತ್ತಿರುತ್ತದೆ. ಬಣ್ಣ ಬಳಿದ ಪೈಪಿಗೆ ಒಳಗೆ ಲೇಪವೇ ಇರುವುದಿಲ್ಲ.

ಸುತ್ತಿಗೆಯಿಂದ ಪೈಪಿನ ಉದ್ದಕ್ಕೂ ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಠಣಠಣ ಎನ್ನುತ್ತದೆ. ತೆಳುವಾದಲ್ಲಿ, ಒಳಗೆ ತುಕ್ಕಿನ ಪುಡಿ ತುಂಬಿದಲ್ಲಿ ಸದ್ದು ಮಂಕಾಗುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಸೆಂಟರ್ ಪಂಚ್ ಇಟ್ಟು ಮೆಲ್ಲನೆ ಒಂದು ಏಟು ಕೊಡಿ. ತಗ್ಗು ಬಿದ್ದರೆ ಕೆಲಸ ಕೆಟ್ಟಿದೆ, ಪಂಚ್ ಒಳಗೇ ಹೋದರೆ ಮಾತೇ ಬೇಡ. ಮುಖ್ಯವಾಗಿ ಮೂರು ಜಾಗ ನೋಡಿ: ಎಳೆಯುವ ದಂಡ ಚಾಸಿಗೆ ಸೇರುವ ಬುಡ, ಸ್ಪ್ರಿಂಗ್ ಹ್ಯಾಂಗರಿನ ಮೇಲ್ಭಾಗ, ಹಿಂದಿನ ಅಡ್ಡಪಟ್ಟಿ. ದೋಣಿಯ ಭಾರ ರಸ್ತೆಯ ಪ್ರತಿ ಹಂಪಿನಲ್ಲೂ ಜಗ್ಗುವುದು ಅಲ್ಲೇ. ಈ ಜಾಗಗಳಲ್ಲಿ ಗೋಡೆಯ ದಪ್ಪ ಕಾಲುಭಾಗ ಹೋಗಿದ್ದರೆ, ಅಂದರೆ 3 ಮಿ.ಮೀ. ಪೈಪು 2.25ಕ್ಕೆ ಇಳಿದಿದ್ದರೆ, ಆ ತುಂಡನ್ನೇ ಬದಲಿಸಬೇಕೆಂಬುದು ನಮ್ಮ ಮಿತಿ. ಅಲ್ಟ್ರಾಸಾನಿಕ್ ಗೇಜ್ ಇಲ್ಲದಿದ್ದರೆ ತಳದಲ್ಲಿ 6 ಮಿ.ಮೀ. ತೂತು ಕೊರೆದು, ಕೊಕ್ಕೆಯಾಗಿ ಬಗ್ಗಿಸಿದ ತಂತಿಯಿಂದ ಅಳೆಯಿರಿ. ಆ ತೂತು ನೀರು ಸೋರಲೂ ಆಗುತ್ತದೆ.

ಮೇಲಿನಿಂದ ಪ್ಲೇಟ್ ಇಟ್ಟು ಬೆಸೆಯುವ ತೇಪೆ ಕೆಲಸ ಬೇಡ. ಪ್ಲೇಟಿಗೂ ಪೈಪಿಗೂ ನಡುವೆ ಹೊಸ ಸಂದು ಹುಟ್ಟುತ್ತದೆ, ಉಪ್ಪಿಗೆ ಮನೆ ಕಟ್ಟಿಕೊಟ್ಟ ಹಾಗೆ. ಸತು ಹಚ್ಚಿದ್ದನ್ನು ಬೆಸೆಯಲೇಬೇಕಾದರೆ ವೆಲ್ಡಿನ ಎರಡೂ ಬದಿ 25–50 ಮಿ.ಮೀ. ಸತುವನ್ನು ಗ್ರೈಂಡ್ ಮಾಡಿ ತೆಗೆದು, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಬೇಕು. ಸತುವಿನ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಅದು ತಡೆಯುತ್ತದೆ ಎಂಬ ವೆಲ್ಡಿಂಗ್ ಶಾಪಿನ ನಂಬಿಕೆಗೆ ಆಧಾರವಿಲ್ಲ.

ಹೊಸದಾಗಿ ಅದ್ದಿಸಿ ತಂದ ಚಾಸಿಯಲ್ಲೇ ಕೆಲವೇ ವಾರಕ್ಕೆ ಕಂದು ರಸ ಜಿನುಗಿದರೆ ಅದು ಬೇರೆ ಕಥೆ. ಪ್ಲೇಟಿನ ಮೇಲೆ ಪ್ಲೇಟ್ ಇಟ್ಟು ಸುತ್ತಲೂ ಪೂರ್ತಿ ಬೆಸೆಯದೆ ಬಿಟ್ಟ ಕಡೆ ಗ್ಯಾಲ್ವನೈಸಿಂಗ್ ತೊಟ್ಟಿಯ ಆಮ್ಲ ಸಂದಿನಲ್ಲಿ ಉಳಿದಿರುತ್ತದೆ. ತೊಳೆದು, ಚೆನ್ನಾಗಿ ಒಣಗಿಸಿ, ಪಾಲಿಯುರೆಥೇನ್ ಸೀಲಂಟಿನಿಂದ ಸಂದು ಮುಚ್ಚಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಬಿಳಿ ಪುಡಿ

ಸತುವಿನ ಮೇಲಿನ ಬಿಳಿ ಪುಡಿ ನೋಡಿ ಗಾಬರಿಯಾಗಬೇಕಿಲ್ಲ. ಗಾಳಿಯಾಡದೆ ಒದ್ದೆಯಾಗಿದ್ದ ಸತು ಬಿಡುವ ಬೂಷ್ಟು ಅದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಹೊತ್ತಿಗೆ ಟಾರ್ಪಾಲ್ ಸುತ್ತಿ ಇಟ್ಟವುಗಳಲ್ಲಿ ಹೆಚ್ಚು. ಮಳೆಗೆ ಬಯಲಲ್ಲಿ ಬಿಟ್ಟದ್ದು ಇದಕ್ಕಿಂತ ಚೆನ್ನಾಗಿರುತ್ತದೆ, ಏಕೆಂದರೆ ಮಳೆನೀರು ಉಪ್ಪನ್ನು ತೊಳೆಯುತ್ತದೆ. ನೈಲಾನ್ ಬ್ರಶ್ಶಿನಿಂದ ಉಜ್ಜಿ, ದಪ್ಪ ಅಳೆದು ನೋಡಿ. 50 ಮೈಕ್ರಾನಿಗಿಂತ ಹೆಚ್ಚು ಉಳಿದಿದ್ದರೆ ಹಾಗೇ ಬಿಡಿ. ತಂತಿ ಬ್ರಶ್ ಮುಟ್ಟಬೇಡಿ, ಉಳಿದ ಸತುವನ್ನೂ ಅದು ಕೆರೆದುಹಾಕುತ್ತದೆ.

ಅಲ್ಯೂಮಿನಿಯಂ ಟ್ರೈಲರಿನ ಬಿಳಿ ಪುಡಿ ಮಾತ್ರ ಎಚ್ಚರಿಕೆಯ ಗಂಟೆ. ಅದು ಎಲ್ಲೆಂದರಲ್ಲಿ ಬರುವುದಿಲ್ಲ. ಸ್ಟೇನ್‌ಲೆಸ್ ಬೋಲ್ಟಿನ ಸುತ್ತ, ಉಕ್ಕಿನ ಆಕ್ಸಲ್ ಕೂತ ಜಾಗದಲ್ಲಿ, ದೋಣಿ ಕೂರುವ ಮರದ ಹಾಸಿನ ಅಡಿಯಲ್ಲಿ ಬರುತ್ತದೆ. ಎರಡು ಲೋಹ, ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯೇ ಆಯಿತು, ಅದರಲ್ಲಿ ಕರಗುವ ಪಾಲು ಅಲ್ಯೂಮಿನಿಯಮ್ಮಿನದು. ಬೋಲ್ಟ್ ಬಿಚ್ಚಿ ತೂತು ಅಳೆಯಿರಿ: 12 ಮಿ.ಮೀ. ಬೋಲ್ಟಿಗೆ 13 ಕೊರೆದಿದ್ದ ತೂತು ಅಂಡಾಕಾರವಾಗಿದ್ದರೆ ಜೋಡಣೆ ಸಡಿಲಾಗಿ ಬಡಿದಾಡುತ್ತಿದೆ ಎಂದರ್ಥ. ಆ ಜಾಗಕ್ಕೆ 16 ಮಿ.ಮೀ. ಬೋಲ್ಟಿಗೆ ಹೋಗುವ ಮೊದಲು ಅಂಚಿನಿಂದ ತೂತಿನ ನಡುವಿಗೆ ಬೋಲ್ಟಿನ ವ್ಯಾಸದ ಎರಡರಷ್ಟು ಲೋಹ ಉಳಿದಿದೆಯೇ ನೋಡಿಕೊಳ್ಳಿ.

ಮರುಜೋಡಣೆಯಲ್ಲಿ ಬೋಲ್ಟಿಗೆ ನೈಲಾನ್ ತೋಳು, ಎರಡೂ ಬದಿಗೆ ನೈಲಾನ್ ವಾಷರ್, ಅದರ ಮೇಲೆ ಸ್ಟೀಲ್ ವಾಷರ್ ಹಾಕಬೇಕು. ಆಕ್ಸಲ್ ಬ್ರಾಕೆಟ್ಟಿನಡಿ 3 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್, ಅಂದರೆ ಎಚ್‌ಡಿಪಿಇ ಹಾಳೆ. ಬಿಗಿ ಮಾಡಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಬೋಲ್ಟಿಗೆ, ಇನ್ನೊಂದನ್ನು ಕೆರೆದು ಹೊಳಪು ತಂದ ಚಾಸಿಗೆ ಮುಟ್ಟಿಸಿ. ಬೀಪ್ ಬಂದರೆ ತೋಳು ಹರಿದಿದೆ, ಬಿಚ್ಚಿ ಮತ್ತೆ ಹಾಕಿ. ಮರದ ಹಾಸಿಗೆ ತಾಮ್ರದ ರಸಾಯನ ಕುಡಿಸಿದ ಮರ ಬಳಸಲೇಬಾರದು. ದೋಣಿಯ ತಳಕ್ಕೆ ಬಳಿದ ತಾಮ್ರಯುಕ್ತ ಬಣ್ಣದ ಚಕ್ಕೆ ಚಾಸಿಯ ಮೇಲೆ ಉದುರಿದರೂ ಸಾಕು, ಅದರ ಸುತ್ತ ಗುಳಿ ಬೀಳುತ್ತದೆ. ಹಾಸಿನ ಮೇಲಿನ ಕಾರ್ಪೆಟ್ ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಸ್ಪಂಜು. ಅದರ ಬದಲು ದಪ್ಪ ಎಚ್‌ಡಿಪಿಇ ಪಟ್ಟಿ ಹಾಕಿದರೆ ದೋಣಿಯೂ ಸಲೀಸಾಗಿ ಜಾರುತ್ತದೆ. ಎಷ್ಟು ಸಲೀಸೆಂದರೆ, ರ‍್ಯಾಂಪಿನ ಮೇಲೆ ವಿಂಚಿನ ಪಟ್ಟಿ ಮೊದಲೇ ಕಳಚಿದರೆ ದೋಣಿ ಸಿಮೆಂಟಿನ ಮೇಲೆ ಬಿದ್ದಿರುತ್ತದೆ.

ಅಲ್ಯೂಮಿನಿಯಮ್ಮಿನ ಇನ್ನೊಂದು ದೋಷ ಕಣ್ಣಿಗೆ ಬೀಳುವುದಿಲ್ಲ: ಬಿರುಕು. 6061-ಟಿ6 ದರ್ಜೆ ಹದ ಮಾಡಿದ ಲೋಹ. ಬೆಸೆದ ಕಡೆ ಶಾಖಕ್ಕೆ ಆ ಹದ ಇಳಿದು ಬಲ ಅರ್ಧದ ಹತ್ತಿರಕ್ಕೆ ಬರುತ್ತದೆ. ಅದಕ್ಕೇ ಒಳ್ಳೆಯ ಅಲ್ಯೂಮಿನಿಯಂ ಟ್ರೈಲರುಗಳನ್ನು ಐ-ಬೀಮ್ ಇಟ್ಟು ಬೋಲ್ಟ್ ಹಾಕಿ ಕಟ್ಟುತ್ತಾರೆ. ವೆಲ್ಡ್ ಇದ್ದರೆ ವರ್ಷಕ್ಕೊಮ್ಮೆ ಬಣ್ಣದ ದ್ರಾವಣದ ಪರೀಕ್ಷೆ ಮಾಡಿ. ಮೂರು ಸ್ಪ್ರೇ ಡಬ್ಬಿಗಳ ಕಿಟ್ ವೆಲ್ಡಿಂಗ್ ಸಾಮಗ್ರಿ ಅಂಗಡಿಯಲ್ಲಿ ‘ಡಿಪಿ ಟೆಸ್ಟ್ ಕಿಟ್’ ಎಂದರೆ ಸಿಗುತ್ತದೆ. ಮೊದಲ ಡಬ್ಬಿಯಿಂದ ಸ್ವಚ್ಛ ಮಾಡಿ, ಕೆಂಪು ದ್ರಾವಣ ಹೊಡೆದು 10–15 ನಿಮಿಷ ಬಿಡಿ. ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ನೇರವಾಗಿ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಮೇಲೆ ಬಿಳಿ ಡೆವಲಪರ್ ಹೊಡೆದಾಗ ಕೂದಲೆಳೆಯಂಥ ಕೆಂಪು ಗೆರೆ ಮೂಡಿದರೆ ಟ್ರೈಲರ್ ರಸ್ತೆಗೆ ಹೋಗಬಾರದು.

ಸ್ಟೇನ್‌ಲೆಸ್ ಕಂದಾಯಿತು

ಕ್ಲೀನರ್ ಮತ್ತು ನೈಲಾನ್ ಸ್ಕ್ರಬ್ಬರಿಗೆ ಹೋಗುವ ಚಹಾ ಬಣ್ಣದ ಕಲೆ ಬರೀ ಮೇಲ್ಮೈಯದು. ಉಜ್ಜಿದ ಮೇಲೆ ಸೂಜಿಮೊನೆಯಂಥ ಕಪ್ಪು ಚುಕ್ಕೆ ಉಳಿದರೆ ಅದು ಗುಳಿ. ಬೋಲ್ಟ್ ನಿಜವಾಗಿಯೂ 304 ಹೌದೇ ಎಂಬುದನ್ನು ಮೊದಲು ಪರೀಕ್ಷಿಸಿ, ಮ್ಯಾಂಗನೀಸ್ ಬೆರೆತ 202 ದರ್ಜೆಯೂ ‘ಎಸ್‌ಎಸ್’ ಎಂದೇ ಮಾರಾಟವಾಗುತ್ತದೆ. ಅಯಸ್ಕಾಂತ ಇಲ್ಲಿ ಉಪಯೋಗವಿಲ್ಲ, ಎರಡಕ್ಕೂ ಅದು ಗಟ್ಟಿಯಾಗಿ ಅಂಟುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಎಸ್‌ಎಸ್ ಟೆಸ್ಟ್ ದ್ರವದ ಹನಿ ಬಿಟ್ಟರೆ 202 ಕೆಂಪಗಾಗುತ್ತದೆ. ಸಮುದ್ರಕ್ಕೆ ಬೇಕಾದದ್ದು 2ರಿಂದ 3% ಮಾಲಿಬ್ಡಿನಂ ಇರುವ 316. ಅದೂ ಕಾರ್ಪೆಟ್ಟಿನಡಿ ಗಾಳಿಯಿಲ್ಲದ ಸಂದಿನಲ್ಲಿ ತಿನ್ನಲ್ಪಡಬಹುದು. ನಟ್ ಹಾಕುವಾಗ ಎಳೆಗಳಿಗೆ ಆ್ಯಂಟಿಸೀಜ್ ಪೇಸ್ಟ್ ಹಚ್ಚಿ ಕೈಸ್ಪ್ಯಾನರಿನಲ್ಲೇ ಬಿಗಿಮಾಡಿ. ಗಾಳಿಗನ್ ಹೊಡೆದರೆ ಸ್ಟೇನ್‌ಲೆಸ್ ಎಳೆಗಳು ಬಿಸಿಯಾಗಿ ಕಚ್ಚಿಕೊಳ್ಳುತ್ತವೆ, ಆಮೇಲೆ ಕತ್ತರಿಸುವುದೇ ಗತಿ.

ಚಾಸಿಯನ್ನೇ 316ರಲ್ಲಿ ಮಾಡಿಸುವುದು ಹಣ ಸುರಿಯುವ ಕೆಲಸ. ವೆಲ್ಡಿನ ನೀಲಿ ಕಲೆಯನ್ನು ಪಿಕ್ಲಿಂಗ್ ಪೇಸ್ಟ್ ಎಂಬ ಆಮ್ಲದ ಲೇಪದಿಂದ ತೆಗೆಯದಿದ್ದರೆ ಅದೂ ಅಲ್ಲೇ ತುಕ್ಕು ಹಿಡಿಯುತ್ತದೆ.

ಚಾಸಿಗೆ ಸಂಬಂಧವೇ ಇಲ್ಲದ ದೋಷಗಳು

ದಾರಿಯಲ್ಲಿ ಗಾಲಿ ಕಿತ್ತು ಹೋಗುವುದಕ್ಕೆ ಕಾರಣ ಬಹುತೇಕ ಬೇರಿಂಗ್. ಓಡಿ ಬಂದ ಬಿಸಿ ಹಬ್ಬನ್ನು ತಕ್ಷಣ ನೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನಿಂದ ಉಪ್ಪುನೀರನ್ನು ಒಳಗೆಳೆಯುತ್ತದೆ. ಹತ್ತು ಕಿ.ಮೀ. ಓಡಿಸಿ ಹಬ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಬಿಚ್ಚಿ. ಗ್ರೀಸ್ ಹಾಲಿನಂತೆ ಬಿಳಚಿದ್ದರೆ ನೀರು ಹೋಗಿದೆ. ಒಳ–ಹೊರ ಬೇರಿಂಗ್, ಅವುಗಳ ಕಪ್, ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಸೀಲ್ ಕೂರುವ ಸ್ಪಿಂಡಲ್ ಮೈಯಲ್ಲಿ ಉಗುರಿಗೆ ತಾಗುವ ಗುಳಿ ಇದ್ದರೆ ಹೊಸ ಸೀಲ್ ಕೂಡ ಕೆಲವೇ ದಿನ, ಸ್ಟೇನ್‌ಲೆಸ್ ತೋಳು ಕೂರಿಸಬೇಕು. ಮಾಮೂಲಿ ಲಿಥಿಯಂ ಗ್ರೀಸಿನ ಬದಲು ಕ್ಯಾಲ್ಸಿಯಂ ಸಲ್ಫೋನೇಟ್ ಮರೈನ್ ಗ್ರೀಸ್: ಬೇರಿಂಗಿಗೆ ಪೂರ್ತಿ, ಹಬ್ಬಿನ ಖಾಲಿ ಜಾಗಕ್ಕೆ ಮೂರನೇ ಒಂದರಿಂದ ಅರ್ಧ. ಗಾಲಿ ತಿರುಗಿಸುತ್ತಲೇ ನಟ್ ಬಿಗಿಮಾಡಿ, ಆಮೇಲೆ ಆರನೇ ಒಂದರಿಂದ ಕಾಲು ಸುತ್ತು ಸಡಿಲಿಸಿ, ಹೊಸ ಕಾಟರ್ ಪಿನ್ ಹಾಕಿ. ಪ್ರೆಶರ್ ವಾಷರಿನ ಮೂತಿಯನ್ನು ಹಬ್ಬಿನ ಕಡೆ ತಿರುಗಿಸಬೇಡಿ. ನೀರಿಗಿಳಿಯುವ ಮುಂಚೆ ಹಬ್ ತಣ್ಣಗಾಗಲು 20 ನಿಮಿಷ ನಿಲ್ಲಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಲೀಫ್ ಸ್ಪ್ರಿಂಗ್ ಪಟ್ಟಿಗಳು ಮಧ್ಯದ ಬೋಲ್ಟಿನ ತೂತಿನಲ್ಲಿ ಮುರಿಯುತ್ತವೆ. ಪಟ್ಟಿಗಳ ನಡುವೆ ತುಕ್ಕು ಉಬ್ಬಿ ಬೆಳಕಿನ ಗೆರೆ ಕಂಡರೆ ಬದಲಿಸುವ ಹೊತ್ತು ಬಂದಿದೆ. ದೀಪ ಮಿಣುಕಿದರೆ ಬಲ್ಬ್ ಬದಲಿಸುವ ಮುನ್ನ ಅರ್ಥ್ ನೋಡಿ: ಚಾಸಿಯ ಮೂಲಕ ಅರ್ಥ್ ಕೊಟ್ಟಿದ್ದರೆ ಅದನ್ನು ಕಿತ್ತು, ತವರ ಲೇಪಿಸಿದ ತಾಮ್ರದ ಪ್ರತ್ಯೇಕ ತಂತಿಯನ್ನು ಪ್ಲಗ್‌ವರೆಗೆ ಎಳೆಯಿರಿ.

ಇಷ್ಟೆಲ್ಲ ನೋಡಿದ ಮೇಲೆ ಯಾವುದು?

ದೋಷ ಬಾಕ್ಸ್ ಪೈಪಿನ ಒಳಗಿದ್ದರೆ ಉತ್ತರ ಅಲ್ಯೂಮಿನಿಯಂ ಅಲ್ಲ, ಒಂದು ಬದಿ ತೆರೆದಿರುವ, ಇಂಗ್ಲಿಷ್ ‘C’ ಆಕಾರದ ಉಕ್ಕಿನ ಸಿ ಚಾನೆಲ್. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ನೀರು ನಿಲ್ಲುವುದಿಲ್ಲ. ವೆಲ್ಡಿಂಗ್ ಮುಗಿಸಿ ಹಾಟ್ ಡಿಪ್ ಮಾಡಿದ ಸಿ ಚಾನೆಲ್ ಚಾಸಿ ನಮ್ಮ ಕರಾವಳಿಯ ಹೆಚ್ಚಿನ ದೋಣಿಗಳಿಗೆ ಸರಿಯಾದದ್ದು, ಹೆದ್ದಾರಿ 66ರ ಬದಿಯ ತಡೆಬೇಲಿಗೂ ಹಾಟ್ ಡಿಪ್ ಸತುವನ್ನೇ ನೆಚ್ಚಿದ್ದಾರೆ. ಗೀಚಿದಲ್ಲಿ ಪಕ್ಕದ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಅಲ್ಯೂಮಿನಿಯಮ್ಮಿಗೂ ಬಣ್ಣಕ್ಕೂ ಈ ಗುಣ ಇಲ್ಲ.

ಎಳೆಯುವ ವಾಹನ ಸಣ್ಣದಾಗಿ ತೂಕವೇ ಸಮಸ್ಯೆಯಾಗಿದ್ದರೆ, ಪ್ರತಿ ಸಲ ತೊಳೆಯುವ ಶಿಸ್ತೂ ಇದ್ದರೆ ಬೋಲ್ಟ್ ಹಾಕಿದ 6061 ಒಳ್ಳೆಯದೇ. ಆದರೆ ಸಾಂದ್ರತೆ ಉಕ್ಕಿನ ಮೂರನೇ ಒಂದು ಎಂದಾಕ್ಷಣ ಚಾಸಿಯ ತೂಕವೂ ಅಷ್ಟಕ್ಕೇ ಇಳಿಯುತ್ತದೆ ಎಂದುಕೊಳ್ಳಬೇಡಿ: ಬಿಗುವೂ ಮೂರನೇ ಒಂದೇ ಇರುವುದರಿಂದ ಬೀಮ್ ಎತ್ತರವಾಗಬೇಕು. ಬಣ್ಣ ಬಳಿದ ಎಂ.ಎಸ್. ಸಾಲುವುದು ಲಿಂಗನಮಕ್ಕಿ ಹಿನ್ನೀರಿನಂಥ ಸಿಹಿನೀರಿಗೆ, ಇಲ್ಲವೇ ಕ್ರೇನಿನಿಂದ ದೋಣಿ ಇಳಿಸುವ ಧಕ್ಕೆಯಲ್ಲಿ ಒಣಗಿಯೇ ಇರುವ ಟ್ರೈಲರಿಗೆ. ಗಂಗೊಳ್ಳಿಯಂಥ ಅಳಿವೆಗಳು ಮಳೆಗಾಲದಲ್ಲಿ ಸಪ್ಪೆಯಾದರೂ ಬೇಸಿಗೆಯಲ್ಲಿ ಉಪ್ಪಾಗುತ್ತವೆ, ಅವನ್ನು ಹೊಳೆ ಎಂದು ಲೆಕ್ಕ ಹಾಕಬೇಡಿ.

ಹಳೆ ಚಾಸಿಯಲ್ಲಿ ಅಲ್ಲಲ್ಲಿ ಮಾತ್ರ ಸತು ಹೋಗಿದ್ದರೆ ಹೊಳೆಯುವ ಉಕ್ಕು ಬರುವಷ್ಟು ಗ್ರೈಂಡ್ ಮಾಡಿ, ಸುತ್ತ 25 ಮಿ.ಮೀ. ಹೆಚ್ಚಿಗೆ ಸೇರಿಸಿ, ಸತು ತುಂಬಿದ ಬಣ್ಣವನ್ನು ಒಣಗಿದ ಮೇಲೆ 100 ಮೈಕ್ರಾನ್ ಬರುವಂತೆ ಎರಡು ಮೂರು ಕೈ ಹೊಡೆಯಿರಿ. ಪೂರ್ತಿ ಮರು ಅದ್ದಿಸುವುದಾದರೆ ಬೇರಿಂಗ್, ತಂತಿ, ರಬ್ಬರ್ ಎಲ್ಲ ಕಳಚಬೇಕು. ಟಾರ್ಷನ್ ಆಕ್ಸಲ್ ಒಳಗೆ ರಬ್ಬರ್ ಇರುವುದರಿಂದ ಅದನ್ನು ಅದ್ದುವಂತೆಯೇ ಇಲ್ಲ.

ಹೊಸದಕ್ಕೆ ಆರ್ಡರ್ ಕೊಡುವಾಗ ಬಾಯಿಮಾತು ಬಿಟ್ಟು ಬರೆದುಕೊಡಿ: 5 ಮಿ.ಮೀ. ಅಥವಾ ಹೆಚ್ಚಿನ ದಪ್ಪದ ಸಿ ಚಾನೆಲ್, ಕತ್ತರಿಸುವುದು, ಕೊರೆಯುವುದು, ಬೆಸೆಯುವುದು ಎಲ್ಲ ಅದ್ದುವ ಮುಂಚೆಯೇ, ಭಾರತೀಯ ಮಾನಕ ಐಎಸ್ 4759 ಪ್ರಕಾರ ಚದರ ಮೀಟರಿಗೆ 610 ಗ್ರಾಂ ಸತು, ಬೋಲ್ಟುಗಳು 8.8 ದರ್ಜೆಯ, ಹಾಟ್ ಡಿಪ್ ಮಾಡಿದವು. ಅದಕ್ಕಿಂತ ಬಲವಾದ 10.9 ದರ್ಜೆಯ ಬೋಲ್ಟನ್ನು ಸುಮ್ಮನೆ ತೊಟ್ಟಿಗೆ ಹಾಕಿಸಬೇಡಿ, ಆಮ್ಲದ ಹೈಡ್ರೋಜನ್ ಹೊಕ್ಕು ಪೆಡಸಾಗಿ ಮುರಿಯುವ ಭಯವಿದೆ. ಎಲ್ಲಾದರೂ ಬಾಕ್ಸ್ ಪೈಪ್ ಅನಿವಾರ್ಯವಾದರೆ ಎರಡೂ ತುದಿಯಲ್ಲಿ, ಓರೆಗೆ ಎದುರಾಗಿ, ಕನಿಷ್ಠ 12 ಮಿ.ಮೀ. ತೂತು ಇರಲಿ. ಮುಚ್ಚಿದ ಪೈಪು ಕರಗಿದ ಸತುವಿನಲ್ಲಿ ಸಿಡಿಯುತ್ತದೆ. ಗ್ಯಾಲ್ವನೈಸಿಂಗ್ ಘಟಕದ ತೊಟ್ಟಿಯ ಉದ್ದವನ್ನು ಚಾನೆಲ್ ಕತ್ತರಿಸುವ ಮೊದಲೇ ಕೇಳಿಕೊಳ್ಳಿ. ಲೆಕ್ಕ ಕೆ.ಜಿ.ಗೆ ಇಂತಿಷ್ಟು ಎಂದಿರುವುದರಿಂದ ತೂಕದ ಚೀಟಿ ತೆಗೆದುಕೊಳ್ಳಿ. ಮಾಲು ಬಂದಾಗ ಹತ್ತು ಕಡೆ, ಅದರಲ್ಲೂ ವೆಲ್ಡಿನ ಪಕ್ಕ ಮತ್ತು ಒಳಮೂಲೆಗಳಲ್ಲಿ, ಡಿಎಫ್‌ಟಿ ಮೀಟರ್ ಇಟ್ಟು ಅಳೆದ ಮೇಲೆಯೇ ಬಾಕಿ ಹಣ ಕೊಡಿ. ಜೋಡಿಸಿ ಮೊದಲ 50 ಕಿ.ಮೀ. ಓಡಿಸಿದ ನಂತರ ಯು-ಬೋಲ್ಟ್ ಮತ್ತು ಗಾಲಿಯ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿಮಾಡಿ.